ಮೀಸೆಯ ಮೇಲಿನ ಹತ್ತಿ ಎಳೆ

ನಿನ್ನೆ ಮಧ್ಯಾಹ್ನ ನನ್ನ ಮೊಮ್ಮಗ ಬಾಯಿ ಮುಚ್ಚಿಕೊಂಡು ಮಲಗಿದ. ಇದೇನು ಹೇಳಿಕೊಳ್ಳುವ ಸುದ್ದಿಯೇ ಎಂದು ನೀವು ನಗಬಹುದು, ನಗಿರಿ. ಐದು ವರ್ಷದ ಹುಡುಗ, ಎರಡು ವರ್ಷದಿಂದ ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಮುದುಕರ ಹಾಗೆ ಗೊರಕೆ ಹೊಡೆಯುತ್ತಿದ್ದ. ಮೂಗಿನ ಹಿಂದೆ ಬೆಳೆದಿದ್ದ ಗಡ್ಡೆಯನ್ನು ತೆಗೆಸಿ ಹದಿನೈದು ದಿನವಾಯಿತು. ನಿನ್ನೆ ಪಕ್ಕದಲ್ಲಿ ಕೂತು ನೋಡಿದೆ. ತುಟಿ ಎರಡೂ ಕೂಡಿವೆ. ಗಾಳಿ ಮೂಗಿನಿಂದ ಹೋಗುತ್ತಿದೆ, ಮೂಗಿನಿಂದ ಬರುತ್ತಿದೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಕ್ಕರೆ ಡಬ್ಬಿ ತೆಗೆದುಕೊಂಡು ಓಣಿಗೆಲ್ಲ ಹಂಚಿ ಬಂದೆ.

"ಅತ್ತೀ, ಹುಡುಗ ಉಸಿರಾಡಿದ್ದಕ್ಕ ಸಕ್ಕರಿ ಹಂಚಿದವರನ್ನ ನಾ ಎಲ್ಲೂ ನೋಡಿಲ್ಲ ಬಿಡ್ರಿ" ಎಂದಳು ಸೊಸೆ. ಅವಳೂ ನಗುತ್ತಲೇ ಇದ್ದಳು.

ಅವನಿಗಿರುವುದು ಬರೀ ಗೊರಕೆಯಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ ಎಂದು ಮೊದಲು ಹಿಡಿದವಳು ನಾನೇ. ನಾಲ್ಕನೆಯ ಇಯತ್ತೆ ಓದಿದವಳಿಗೆ ಇದು ಹೇಗೆ ತಿಳಿಯಿತು ಎಂದು ಸೊಸೆ ಕೇಳಿದಳು. ಹೇಳಿದೆ. "ಇದನ್ನ ಬರದಿಡ್ರಿ" ಎಂದಳು. ಸಂತೋಷ ಹೆಚ್ಚಾದಾಗ ಕೈ ಸುಮ್ಮನಿರುವುದಿಲ್ಲ, ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ಬಳ್ಳಾರಿಯಲ್ಲಿ ಇಪ್ಪತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಆಯಾ. ಈಗ ಅದೂ ಇಲ್ಲ, ಆ ಕಟ್ಟಡವೂ ಇಲ್ಲ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗನನ್ನು ಬಾದನಹಟ್ಟಿಯಲ್ಲಿ ನಮ್ಮವ್ವನ ಹತ್ತಿರ ಬಿಟ್ಟಿದ್ದೆ. ಎರಡು ವಾರಕ್ಕೊಂದು ಭಾನುವಾರ ಕುರುಗೋಡಿನ ಬಸ್ಸು ಹತ್ತಿ ಹೋಗಿ ಅವನನ್ನು ನೋಡಿ ಬರುತ್ತಿದ್ದೆ. ಕೌಲ್ ಬಜಾರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಸಂಜೆ ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಚೊಂಬು ಇಟ್ಟ ಜಾಗದಲ್ಲೇ ಇರುತ್ತಿತ್ತು. ಅದನ್ನು ಯಾರಾದರೂ ಒಂದು ಗೇಣು ಸರಿಸಿದ್ದರೂ ಸಾಕಿತ್ತು ಅನ್ನಿಸುತ್ತಿತ್ತು. ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಸಲ ನನ್ನನ್ನು ಕರೆಯುತ್ತಿದ್ದರು. ಆಯಾ ನೀರು, ಆಯಾ ಬೆಡ್‌ಪ್ಯಾನ್, ಆಯಾ ಇಲ್ಲಿ ಒರೆಸು. ಮಾತಾಡಿಸುವವರು ಮಾತ್ರ ಇರಲಿಲ್ಲ.

ಒಂದು ದಿನ ಸಿರುಗುಪ್ಪದಿಂದ ರೈಸ್ ಮಿಲ್ಲಿನ ಜೀಪಿನಲ್ಲಿ ಒಬ್ಬ ಬಾಯ್ಲರಿನವನನ್ನು ಕರೆತಂದರು. ಕುಸುಬಲಕ್ಕಿಗೆ ನೆಲ್ಲು ಬೇಯಿಸುವ ಉಗಿ ಇರುತ್ತದಲ್ಲ, ಅದನ್ನು ಎಬ್ಬಿಸುವ ಬಾಯ್ಲರಿಗೆ ಹೊಟ್ಟು ಹಾಕಿ ಉರಿ ನೋಡಿಕೊಳ್ಳುವ ಕೆಲಸ ಅವನದು. ನಲವತ್ತರ ಆಳು. ಕುತ್ತಿಗೆ ಎಷ್ಟು ದಪ್ಪ ಎಂದರೆ ಅಂಗಿಯ ಮೇಲಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಎಡ ಮುಂಗೈ ಉಗಿ ಪೈಪಿಗೆ ಅಂಟಿ ಚರ್ಮ ಎದ್ದು ಬಂದಿತ್ತು. ಜೊತೆಗೆ ಹೆಂಡತಿ ಬಂದಿದ್ದಳು. ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟರು ಗಾಯ ತೊಳೆಯುತ್ತ ಕೇಳಿದರು.

"ಪೈಪ್ ತಗಲಿದ ಕೂಡಲೇ ಕೈ ಎಳ್ಕೋಬೇಕು ತಾನೆ?"

"ಗೊತ್ತಾಗಲಿಲ್ರಿ ಸಾರ್. ನಿದ್ದಿ ಹತ್ತಿತ್ತು."

"ಮಲಗಿದ್ಯಾ?"

"ಇಲ್ರಿ, ನಿಂತಿದ್ನಿ. ಹೊಟ್ಟು ಹಾಕ್ತಾ ಹಾಕ್ತಾ..."

ಸುತ್ತ ಇದ್ದವರು ನಕ್ಕರು. ಹೆಂಡತಿಗೆ ಅವಮಾನವಾಯಿತು. "ಕುಡಿಯಾಂಗಿಲ್ರಿ ಸಾರ್, ಹನಿ ಮುಟ್ಟಾಂಗಿಲ್ಲ. ರಾತ್ರಿಯೆಲ್ಲಾ ಮಕ್ಕೊಂತಾನ, ಹಗಲೂ ತೂಕಡಸ್ತಾನ. ಉಣ್ಣಾಕ ಕುಂತ್ರ ತುತ್ತು ಕೈಯಾಗ ಇರ್ತೈತಿ, ಕಣ್ಣು ಮುಚ್ಚಿರ್ತೈತಿ. ಇವತ್ತು ಕೈ ಹೋತು, ನಾಳಿ ಆಳಾ ಹೋಗ್ತಾನ" ಎಂದು ಅತ್ತಳು. ಅವಳು ಹೇಳಿದ್ದು ಸುಳ್ಳಲ್ಲ. ಬಾಯ್ಲರಿನ ಗಾಜಿನ ಕೊಳವೆಯಲ್ಲಿ ನೀರು ಎಲ್ಲಿದೆ ಎಂದು ನೋಡುತ್ತಲೇ ಇರಬೇಕು. ನೀರು ಇಳಿದಾಗ ಅವನಿಗೆ ನಿದ್ದೆ ಹತ್ತಿದರೆ ಬಾಯ್ಲರು ಸಿಡಿದು ಅವನೂ ಇಲ್ಲ, ಸುತ್ತ ಇದ್ದವರೂ ಇಲ್ಲ.

ಅವತ್ತು ಊಟವಾದ ಮೇಲೆ ಅವನು ಗೊರಕೆ ಶುರು ಮಾಡಿದ. ನಮ್ಮ ವಾರ್ಡಿನಲ್ಲಿ ಎಂಟು ಹಾಸಿಗೆ. ಪಕ್ಕದ ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡಿದ್ದ ಸಿರಿಗೇರಿಯ ಮುದುಕಪ್ಪ ಇದ್ದ. ಅವನು ಎರಡೂ ಕಿವಿ ಮುಚ್ಚಿಕೊಂಡು, "ಏ ತಂಗೀ, ಈ ಮಿಲ್ಲು ಬಂದ್ ಮಾಡಸವ್ವಾ. ಇದರ ದಡದಡಕ್ಕ ನನ್ನ ಹೊಲಿಗಿ ಬಿಚ್ಚಿಕಂತಾವು" ಎಂದು ಕೂಗಿದ.

ಮರುದಿನ ಕಿವಿ, ಮೂಗು, ಗಂಟಲಿನ ಡಾಕ್ಟರು ಬಂದರು. ಮದರಾಸಿನಲ್ಲಿ ಓದಿ ಬಂದಿದ್ದ ಚಿಕ್ಕ ವಯಸ್ಸಿನವರು. ಗೊರಕೆ ಕೇಳಿ ತಾವಾಗಿಯೇ ವಾರ್ಡಿನೊಳಗೆ ಬಂದು ಅವನ ಹಾಸಿಗೆಯ ಕಡೆ ಕಿವಿಗೊಟ್ಟರು. ಆಮೇಲೆ ಅವನನ್ನು ಎಬ್ಬಿಸಿ, ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರು. ಹೆಂಡತಿಯನ್ನು ಒಂದೊಂದೇ ಕೇಳಿದರು. ಬೆಳಿಗ್ಗೆ ಏಳುವಾಗ ತಲೆ ನೋವು ಇರುತ್ತದೆಯೇ? ನಿದ್ದೆಯಲ್ಲಿ ಉಸಿರು ಕಟ್ಟಿದವನಂತೆ ಬೆಚ್ಚಿ ಏಳುತ್ತಾನೆಯೇ? ನಾಲ್ಕೈದು ಸಲ ಉಚ್ಚೆಗೆ ಏಳುತ್ತಾನೆಯೇ? ಮೊದಲಿಗಿಂತ ಸಿಟ್ಟು ಹೆಚ್ಚೇ, ಮರೆವು ಹೆಚ್ಚೇ? ಎಲ್ಲದಕ್ಕೂ ಅವಳು "ಹೌದ್ರಿ" ಎನ್ನುತ್ತ ಹೋದಳು, ಹೇಳುತ್ತ ಹೇಳುತ್ತ ಹೆದರಿದಳು. ಬಿಪಿ ನೋಡಿದರು, ಬಹಳ ಮೇಲಿತ್ತು. ಕಾಲ ಮೇಲೆ ಹೆಬ್ಬೆರಳು ಒತ್ತಿದರು. ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯಿತು.

ಡಾಕ್ಟರು ನನ್ನನ್ನು ಹೊರಗೆ ಕರೆದರು.

"ಆಯಮ್ಮ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋ ಒಂದು ರೋಗ ಇದೆ. ನಾನು ಓದಿದ್ದೀನಿ, ಕಣ್ಣಾರೆ ನೋಡಿಲ್ಲ. ಅಳೆಯೋ ಯಂತ್ರ ನಮ್ಮ ಹತ್ತಿರ ಇಲ್ಲ. ಯಾರಾದರೂ ಒಂದು ತಾಸು ಕಣ್ಣು ಕೀಳದೆ ಕೂತು ಎಣಿಸಬೇಕು. ಸಿಸ್ಟರುಗಳಿಗೆ ಪುರುಸೊತ್ತಿಲ್ಲ. ನಿನಗೆ ಎಣಿಸೋಕೆ ಬರುತ್ತಾ?"

"ನೂರರ ತನಕ ಬರ್ತೈತ್ರಿ."

"ಅಷ್ಟು ಸಾಕು. ಉಸಿರು ನಿಂತಾಗಲೆಲ್ಲ ಒಂದು ಹುಣಸೆ ಬೀಜ ತಟ್ಟೆಗೆ ಹಾಕು. ನಿಂತ ಕೂಡಲೇ ಒಂದು, ಎರಡು ಅಂತ ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಎಣಿಸು. ಎಲ್ಲಕ್ಕಿಂತ ಉದ್ದ ನಿಂತದ್ದು ಎಷ್ಟು ಅಂತ ನೆನಪಿಟ್ಟುಕೋ. ಬೀಜ ಜಾಸ್ತಿಯಾದರೆ ಅದೇ ರೋಗ. ಹಾಗಿದ್ದರೆ ಇವನಿಗೆ ನಿದ್ದೆ ಮಾತ್ರೆ ವಿಷ ಇದ್ದ ಹಾಗೆ. ತಿಳೀತಾ?"

ತಿಳಿಯಿತು ಎಂದೆ. ಎಷ್ಟು ತಿಳಿದಿತ್ತು ಎನ್ನುವುದು ಮುಂದೆ ಬರುತ್ತದೆ.

ನರ್ಸಿಂಗ್ ಹೋಮಿನ ಅಡುಗೆ ಮನೆಯಿಂದ ಒಂದು ಹಿಡಿ ಹುಣಸೆ ಬೀಜ ತಂದೆ. ಗೋಡೆಯ ಗಡಿಯಾರವನ್ನು ಇಳಿಸಿ ಹಾಸಿಗೆಯ ಪಕ್ಕದ ಕಪಾಟಿನ ಮೇಲೆ ಇಟ್ಟೆ. ಸ್ಟೀಲ್ ತಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂತೆ. ಉಂಡು ಮಲಗಿದವನಿಗೆ ಎರಡೇ ನಿಮಿಷಕ್ಕೆ ನಿದ್ದೆ ಹತ್ತಿತು. ಗೊರಕೆ ಏರುತ್ತ ಏರುತ್ತ ಹೋಗಿ ಥಟ್ಟನೆ ನಿಲ್ಲುತ್ತಿತ್ತು. ನಾನು ಎದೆ ನೋಡುತ್ತಿದ್ದೆ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಹೊಟ್ಟೆಯೂ ಆಡುತ್ತಿತ್ತು. ಉಸಿರಾಡುತ್ತಿದ್ದಾನಲ್ಲ ಎಂದುಕೊಂಡು ಬೀಜ ಹಾಕಲಿಲ್ಲ. ಆಮೇಲೆ ದೊಡ್ಡದಾಗಿ ಗೊರ್ ಎಂದು ಮೈ ಕೊಡವಿ ಮತ್ತೆ ಗೊರಕೆ ಹಿಡಿಯುತ್ತಿದ್ದ.

ಹೆಂಡತಿ ನೆಲದ ಮೇಲೆ ಕೂತು ಅವನ ಕಾಲು ಒತ್ತುತ್ತಿದ್ದಳು. ಗೊರಕೆ ನಿಂತಾಗ ನನ್ನ ಕಡೆ ನೋಡಿ ಪಿಸುಗುಟ್ಟಿದಳು. "ಈಗ ನೋಡ್ರಿ, ಈಗ ಖರೇ ನಿದ್ದಿ ಬಂತು. ಮನ್ಯಾಗೂ ಹಿಂಗಾ. ಇದು ಬಂದಾಗ ನಾನೂ ಒಂದೀಟು ಕಣ್ಣು ಮುಚ್ತೀನಿ."

ನನಗೂ ಅದೇ ಸರಿ ಅನ್ನಿಸಿತು. ಸದ್ದಿಲ್ಲದ ವಾರ್ಡು ಒಳ್ಳೆಯ ವಾರ್ಡು ಎಂದು ದೊಡ್ಡ ಸಿಸ್ಟರ್ ನಮಗೆ ಕಲಿಸಿದ್ದರು. ಒಂದು ತಾಸಿನಲ್ಲಿ ಮೂರೇ ಬೀಜ ಹಾಕಿದೆ, ಅದೂ ಎದೆಯೇ ಅಲ್ಲಾಡದೆ ನಿಂತಂತೆ ಕಂಡಾಗ.

"ಏನವ್ವಾ, ಚೌಕಾಬಾರ ಆಡಾಕತ್ತೀಯೇನು? ಒಬ್ಬಾಕಿನಾ ಆಡಿದ್ರ ಗೆಲ್ಲಾದು ಯಾರ ಮ್ಯಾಲ?" ಎಂದ ಮುದುಕಪ್ಪ. ಕೌಲ್ ಬಜಾರಿಗೆ ನಡೆದು ಹೋಗುವಾಗ ಆ ಮಾತು ನನ್ನ ಹಿಂದೆಯೇ ಬಂತು.

ಮೂರು ಬೀಜ ನೋಡಿ ಡಾಕ್ಟರ ಮುಖ ಇಳಿಯಿತು. ರೋಗ ಎನ್ನಲು ಮೂರು ಸಾಲದಂತೆ. "ಹಾಗಾದರೆ ನನ್ನ ಊಹೆ ತಪ್ಪು" ಎಂದು ಕೇಸ್ ಶೀಟನ್ನು ದೊಡ್ಡ ಡಾಕ್ಟರಿಗೆ ಕೊಟ್ಟರು. ರಾತ್ರಿ ಹೊರಳಾಡುತ್ತಾನೆ, ನಿದ್ದೆ ಸಾಲದು, ಅದಕ್ಕೇ ಹಗಲು ತೂಕಡಿಕೆ ಎಂದು ದೊಡ್ಡ ಡಾಕ್ಟರು ನಿದ್ದೆ ಮಾತ್ರೆ ಬರೆದರು. ಗಾಯ ಒಣಗುತ್ತ ಬಂದಿತ್ತು. ಎರಡು ದಿನ ಬಿಟ್ಟು ಮನೆಗೆ, ಮಧ್ಯಾಹ್ನ ಎರಡಕ್ಕೆ ಮಿಲ್ಲಿನ ಜೀಪು ಬರುತ್ತದೆ ಎಂದಾಯಿತು. ಮನೆಗೆ ಹೋದ ಮೇಲೆ ರಾತ್ರಿಗೊಂದು ಎಂದು ಹೇಳಿ ದೊಡ್ಡ ಸಿಸ್ಟರ್ ಹೆಂಡತಿಯ ಕೈಗೆ ಮಾತ್ರೆಯ ಪೊಟ್ಟಣ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿದಳು.

ಹೋಗುವ ದಿನ ಬೆಳಿಗ್ಗೆ ಕಡೆಯ ಡ್ರೆಸ್ಸಿಂಗ್. ಸಿಸ್ಟರ್ ಗಾಯ ಒರೆಸಿ, ಹತ್ತಿ ಇಟ್ಟು, ಬ್ಯಾಂಡೇಜ್ ಸುತ್ತಿ ಹೋದರು. ನಾನು ಕೆಳಗೆ ಬಿದ್ದ ಹತ್ತಿಯನ್ನು ಆಯುತ್ತಿದ್ದೆ. ಕೈ ಚಾಚಿ ಕೂತವನು ಹಾಗೇ ದಿಂಬಿಗೆ ಒರಗಿ ಗೊರಕೆ ಹೊಡೆಯತೊಡಗಿದ. ಅವನ ದಪ್ಪ ಮೀಸೆಗೆ ಒಂದು ಹತ್ತಿ ಎಳೆ ಅಂಟಿತ್ತು. ತೆಗೆಯೋಣವೆಂದು ಬಗ್ಗಿದೆ. ಗೊರಕೆಗೆ ಆ ಎಳೆ ಬಾಲ ಬಡಿಯುವ ಹಾಗೆ ಆಡುತ್ತಿತ್ತು. ಅಷ್ಟರಲ್ಲಿ ಗೊರಕೆ ನಿಂತಿತು.

ಎಳೆಯೂ ನಿಂತಿತು.

ಎದೆ ಮಾತ್ರ ನಿಂತಿರಲಿಲ್ಲ, ತಿದಿ ಒತ್ತಿದ ಹಾಗೆ ಏರಿ ಏರಿ ಇಳಿಯುತ್ತಿತ್ತು. ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಜಗ್ಗುತ್ತಿತ್ತು. ಕುತ್ತಿಗೆಯ ಕುಳಿ ಒಳಕ್ಕೆ ಹೋಗುತ್ತಿತ್ತು. ಹತ್ತಿ ಎಳೆ ಕಲ್ಲಿಗೆ ಅಂಟಿಸಿದಂತೆ ಅಲ್ಲೇ ಇತ್ತು. ಬಾಯಿಂದಲೂ ಗಾಳಿ ಇಲ್ಲ. ನನಗೆ ತಿಳಿಯದಂತೆಯೇ ಎಣಿಸತೊಡಗಿದ್ದೆ. ಮೂವತ್ತಕ್ಕೆ ಬರುವ ಹೊತ್ತಿಗೆ ಅವನ ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ಮೂವತ್ತೊಂಬತ್ತಕ್ಕೆ ಮೈ ಕೊಡವಿ, ಗೊರ್ ಎಂದು ಎಳೆದ. ಎಳೆ ಹಾರಿ ಕೆನ್ನೆಗೆ ಬಿತ್ತು.

ಆಗ ತಿಳಿಯಿತು. ಬಾಗಿಲು ಮುಚ್ಚಿದೆ, ಒಳಗಿನವನು ಬಡಿಯುತ್ತಿದ್ದಾನೆ. ಬಡಿಯುವುದನ್ನು ನೋಡಿ ಬಾಗಿಲು ತೆರೆದಿದೆ ಎಂದು ನಾನು ತಿಳಿದಿದ್ದೆ.

ಒಂದೇ ಸಲ ನೋಡಿ ಡಾಕ್ಟರ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಇನ್ನೊಂದು ಉದ್ದನೆಯ ಎಳೆ ತೆಗೆದು, ಎರಡು ಬೆರಳಲ್ಲಿ ಹಿಡಿದು ಅವನ ಮೂಗಿನ ಹತ್ತಿರ ಒಡ್ಡಿದೆ. ಹೆಂಡತಿ ನಲ್ಲಿಯಲ್ಲಿ ತಟ್ಟೆ ತೊಳೆದುಕೊಂಡು ಅದೇ ಹೊತ್ತಿಗೆ ಬಂದಳು. ತಟ್ಟೆ ಕೈಯಿಂದ ಬಿತ್ತು.

"ಅಯ್ಯಯ್ಯೋ! ಜೀವಂತ ಇರೋ ನನ್ನ ಗಂಡನ ಮೂಗಿಗೆ ಹತ್ತಿ ಹಿಡೀತೀಯಲ್ಲೇ! ಗಂಡನ್ನ ಕಳಕೊಂಡಾಕಿ ನೀನು, ನಿನ್ನ ಕೈಲೆ ಹಿಡೀತೀಯಲ್ಲೇ!"

ನಮ್ಮ ಕಡೆ ಮೂಗಿಗೆ ಹತ್ತಿ ಹಿಡಿಯುವುದು ಯಾರಿಗೆ, ಯಾವಾಗ ಎಂದು ಹೇಳಬೇಕಾಗಿಲ್ಲ. ಹೋದನೋ ಇದ್ದಾನೋ ಎಂದು ನೋಡಲು ಹಿಡಿಯುತ್ತಾರೆ, ಹೋದ ಮೇಲೆ ಇಡುತ್ತಾರೆ. ನನ್ನ ಗಂಡನಿಗೂ ಹಿಡಿದಿದ್ದರು, ನಾನು ಅಲ್ಲೇ ಕೂತಿದ್ದೆ. ಅದು ತಿಳಿಯದೆ ಮಾಡಿದವಳಲ್ಲ ನಾನು. ಅವಳು ನನ್ನ ಕೈಗೆ ಹೊಡೆದು ಎಳೆಯನ್ನು ಕಿತ್ತು ಬಿಸಾಡಿದಳು. ಗಂಡ ಎದ್ದು ಪಿಳಿಪಿಳಿ ನೋಡಿದ. ವಾರ್ಡಿನವರೆಲ್ಲ ಎದ್ದು ಕೂತರು. "ತಂಗೀ, ಇದು ಚಲೋ ಅಲ್ಲವ್ವಾ" ಎಂದ ಮುದುಕಪ್ಪನೂ. ದೊಡ್ಡ ಸಿಸ್ಟರ್ ಓಡಿ ಬಂದರು. ನಾನು ಹೇಳಲು ಬಾಯಿ ತೆರೆದೆ, ಅವರು ಕೇಳಲಿಲ್ಲ. "ನೀನು ಇವತ್ತು ವಾರ್ಡಿಗೆ ಬರಬ್ಯಾಡ. ಹಿಂದೆ ಹೋಗಿ ಬಟ್ಟಿ ಒಗಿ" ಎಂದರು.

ಹಿತ್ತಲಲ್ಲಿ ಒಗೆಯುವ ಕಲ್ಲು. ಹೊದಿಕೆ ನೆನೆಸಿಟ್ಟು ಕೂತೆ. ಮಾಡಿದ್ದು ಹೇಳಿದರೆ ಕೆಲಸ ಹೋಗಬಹುದು. ಮೊದಲ ದಿನದ ಎಣಿಕೆ ತಪ್ಪು ಎಂದು ಒಪ್ಪಿಕೊಳ್ಳಬೇಕು. ಹತ್ತಿ ಹಿಡಿದದ್ದನ್ನೂ ಹೇಳಬೇಕು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎರಡಕ್ಕೆ ಜೀಪು ಬರುತ್ತದೆ, ರಾತ್ರಿ ಅವಳು ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ಕೊಡುತ್ತಾಳೆ. ಈಗ ಮೈ ಕೊಡವಿ ಏಳುತ್ತಾನಲ್ಲ, ಮಾತ್ರೆ ನುಂಗಿದರೆ ಆ ಕೊಡವುವುದೂ ಇರುವುದಿಲ್ಲ. ಗೊರಕೆ ನಿಂತಿತಲ್ಲ ಎಂದು ಅವಳು ಕಣ್ಣು ಮುಚ್ಚುತ್ತಾಳೆ. ಇದನ್ನು ಕೇಳಲು ಅಲ್ಲಿ ನನಗೆ ಒಬ್ಬರೂ ಇರಲಿಲ್ಲ. ಹನ್ನೊಂದೂವರೆ ಆಗಿರಬೇಕು. ಕೈ ಒರೆಸಿಕೊಂಡು ಎದ್ದೆ.

ಕಿವಿ, ಮೂಗಿನ ಡಾಕ್ಟರ ಕೋಣೆಯ ಮುಂದೆ ಸಾಲು ಇತ್ತು. ಸಾಲು ದಾಟಿ ಒಳಗೆ ಹೋದೆ. ಒಂದು ಮಗುವಿನ ಕಿವಿ ನೋಡುತ್ತಿದ್ದರು.

"ಸಾರ್, ಅವತ್ತಿನ ನನ್ನ ಎಣಿಕಿ ತಪ್ಪು."

"ಎಷ್ಟು ತಪ್ಪು?"

"ಎಲ್ಲಾ ತಪ್ರಿ. ನಾ ಎದಿ ನೋಡಿದ್ನಿ. ಮೂಗು ನೋಡ್ಲಿಲ್ಲ. ಎದಿ ಆಡ್ತೈತಿ ಸಾರ್, ಮೂಗಿನಾಗ ಗಾಳಿನಾ ಇರಲ್ಲ."

ಅವರು ಮಗುವಿನ ಕಿವಿಯಿಂದ ಕೈ ತೆಗೆದರು. "ಹೇಗೆ ಗೊತ್ತಾಯ್ತು?"

ಹತ್ತಿಯ ಮಾತು ಹೇಳಿದೆ. ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಅದೇ ಇದು! ಅದೇ ಈ ರೋಗದ ಗುರುತು! ನಾನು ನಿನಗೆ ಹೇಳಬೇಕಾಗಿತ್ತು. ತಪ್ಪು ನಿನ್ನದಲ್ಲ" ಎಂದು ನನಗಿಂತ ಮುಂದೆ ಓಡಿದರು.

ಅವನು ಅಂಗಿ ತೊಟ್ಟು, ಗಂಟುಮೂಟೆ ಪಕ್ಕದಲ್ಲಿಟ್ಟುಕೊಂಡು ಜೀಪಿಗೆ ಕಾಯುತ್ತ ನಿದ್ದೆ ಹೋಗಿದ್ದ. ನನ್ನನ್ನು ಕಂಡ ಕೂಡಲೇ ಹೆಂಡತಿ ಅಡ್ಡ ನಿಂತಳು. "ಡಾಕ್ಟ್ರೇ, ಇಕಿನ್ನ ಹತ್ರ ಬಿಡಬ್ಯಾಡ್ರಿ" ಎಂದಳು. ಡಾಕ್ಟರು ಹತ್ತಿ ತರಿಸಲು ಹೊರಟಿದ್ದರು. ನನಗೆ ಒಂದು ಉಪಾಯ ಹೊಳೆಯಿತು.

"ಹತ್ತಿ ಬ್ಯಾಡ್ರಿ ಸಾರ್. ಯವ್ವಾ, ನೀನಾ ಹಿಡಿ. ನಿನ್ನ ಅಂಗೈ ನೀರಾಗ ಅದ್ದಿ ನಿನ್ನ ಗಂಡನ ಮೂಗು ಬಾಯಿ ಮುಂದ ಹಿಡಿ. ನಾ ದೂರ ನಿಂತಿರ್ತೀನಿ."

ಅವಳು ಡಾಕ್ಟರ ಮುಖ ನೋಡಿದಳು, ಅವರು ತಲೆಯಾಡಿಸಿದರು. ಒದ್ದೆ ಕೈ ಒಡ್ಡಿದಳು. ಗೊರಕೆ ಇರುವಾಗ, "ತಣ್ಣಗ ಹತ್ತತೈತಿ" ಎಂದಳು. ಗೊರಕೆ ನಿಂತಿತು. ನಾನು ಬಾಗಿಲ ಹತ್ತಿರದಿಂದಲೇ ಕೇಳುವಂತೆ ಎಣಿಸಿದೆ. ಹತ್ತಾಯಿತು. ಹದಿನೈದಾಯಿತು. ಅವಳು ಕೈಯನ್ನು ಇನ್ನೂ ಹತ್ತಿರ ಒಯ್ದಳು. ಇಪ್ಪತ್ತಾಯಿತು. ಇಪ್ಪತ್ತೈದಕ್ಕೆ ಕೂಗಿಬಿಟ್ಟಳು. "ಇಲ್ಲ! ಇಲ್ರೀ, ಇಲ್ಲ! ಏ, ಏಳೋ, ಏಳೋ ಮಾರಾಯ!" ಎಂದು ಅವನ ಭುಜ ಹಿಡಿದು ಅಲುಗಿಸಿದಳು. ಅವನು ಎದ್ದು, "ಜೀಪು ಬಂತೇನು?" ಎಂದ.

ಅವಳು ನೆಲದ ಮೇಲೆ ಕುಸಿದಳು. "ಹನ್ನೆರಡು ವರ್ಷ ಆತ್ರಿ. ಇದನ್ನ ನಾ ನಿದ್ದಿ ಅಂದಕಂಡು ಪಕ್ಕದಾಗ ಮಕ್ಕಂಡೀನಿ" ಎಂದಳು. ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಪೊಟ್ಟಣವನ್ನು ತಾನೇ ಡಾಕ್ಟರ ಕೈಗೆ ಕೊಟ್ಟಳು.

ಅವತ್ತು ಜೀಪು ಖಾಲಿ ಹೋಯಿತು. ದೊಡ್ಡ ಡಾಕ್ಟರೂ ಬಂದು ತಾವೇ ನೋಡಿ, ಬರೆದ ಮಾತ್ರೆಯನ್ನು ಶೀಟಿನಲ್ಲಿ ಹೊಡೆದು ಹಾಕಿದರು. ಊಟವಾದ ಮೇಲೆ ನಾನು ಮತ್ತೆ ತಟ್ಟೆ ಹಿಡಿದು ಕೂತೆ. ಈ ಸಲ ಮೂಗಿನ ಮುಂದೆ ಹತ್ತಿ ಎಳೆ ಹಿಡಿದದ್ದು ಹೆಂಡತಿ, ಬೀಜ ಹಾಕಿದ್ದು ನಾನು. ಒಂದು ತಾಸಿಗೆ ನಲವತ್ಮೂರು ಬೀಜ. ಎಲ್ಲಕ್ಕಿಂತ ಉದ್ದದ್ದು ಐವತ್ತೆರಡು ಟಿಕ್ಕು.

ಡಾಕ್ಟರು ಅವನಿಗೆ ತಿಳಿಯುವ ಹಾಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ನಿದ್ದೆ ಬಂದಾಗ ಎಲ್ಲರ ಗಂಟಲೂ ಸಡಿಲವಾಗುತ್ತದೆ. ಅವನ ಗಂಟಲು ಮೊದಲೇ ಕಿರಿದು, ಮೇಲೆ ಕೊಬ್ಬು, ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಬೀಳುತ್ತದೆ. ದಾರಿ ಮುಚ್ಚುತ್ತದೆ. ಮಿದುಳು ಉಸಿರಿಲ್ಲವೆಂದು ಗಾಬರಿಯಾಗಿ ಅರೆಗಳಿಗೆ ಎಬ್ಬಿಸುತ್ತದೆ, ದಾರಿ ಬಿಡುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚುತ್ತದೆ. ರಾತ್ರಿಯೆಲ್ಲ ಮಲಗಿದ್ದರೂ ಅವನು ನಿಜವಾಗಿ ಮಲಗಿಲ್ಲ. "ನಿನ್ನ ಬಾಯ್ಲರಿನ ಉಗಿ ಹೋಗೋ ದಾರಿ ತಾಸಿಗೆ ನಲವತ್ತು ಸಲ ಮುಚ್ಚಿದರೆ ಏನಾಗುತ್ತೆ?" ಎಂದು ಕೇಳಿದರು.

"ಒತ್ತಡ ಏರ್ತೈತ್ರಿ. ತಡಕಂಡಷ್ಟು ತಡಕಂತೈತಿ, ಆಮ್ಯಾಲ ಎಲ್ಲಿ ತೆಳ್ಳಗೈತೋ ಅಲ್ಲಿ ಬಿರೀತೈತಿ."

"ನಿನ್ನ ಬಿಪಿ ಅದು. ಹೃದಯ, ಮಿದುಳಿನ ನರ, ಯಾವುದು ತೆಳ್ಳಗಿದೆಯೋ ನಂಗೊತ್ತಿಲ್ಲ. ಕಾಲು ಬಾತದ್ದು ಹೃದಯ ದಣಿದದ್ದರ ಗುರುತು."

ಮೊದಲು ಸುಲಭದ ದಾರಿ ಹಿಡಿದರು. ಮಗ್ಗುಲಾಗಿ ಮಲಗಿಸಬೇಕು. ಅವನ ಬನಿಯನ್ನಿನ ಬೆನ್ನಿಗೆ ನಾನು ಒಂದು ಜೇಬು ಹೊಲಿದು ರಬ್ಬರ್ ಚೆಂಡು ಇಟ್ಟೆ. ಅಂಗಾತ ಹೊರಳಿದರೆ ಚೆಂಡು ಒತ್ತುತ್ತದೆ. ಅವನಿಗೆ ಅನ್ನ ಕಡಿಮೆ ಮಾಡಿ ಪಲ್ಯ ಕೊಟ್ಟರು. "ಗೂನು ಬೆನ್ನಿನ ಮದುಮಗ" ಎಂದು ಮುದುಕಪ್ಪ ಹೆಸರಿಟ್ಟ. ಹತ್ತು ದಿನ ನೋಡಿದೆವು. ಬೀಜ ನಲವತ್ಮೂರರಿಂದ ಮೂವತ್ತಕ್ಕೆ ಇಳಿಯಿತು, ಮುಂದೆ ಇಳಿಯಲಿಲ್ಲ. ಕಾಲಿನ ಬಾವು ಏರಿತು.

ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು. "ತೂಕ ಇಳಿಸೋದು ವರ್ಷದ ಕೆಲಸ. ಹೃದಯ ವರ್ಷ ಕಾಯಲ್ಲ. ಮೂಗಿಗೆ ಗಾಳಿ ಊದೋ ಯಂತ್ರವನ್ನ ಹೊರದೇಶದಲ್ಲಿ ಮಾಡ್ತಿದ್ದಾರಂತೆ, ಇಲ್ಲಿಗೆ ಯಾವಾಗ ಬರುತ್ತೋ ತಿಳಿಯದು. ಈಗ ನನ್ನ ಕೈಯಲ್ಲಿರೋದು ಒಂದೇ. ಗಂಟಲ ಕೆಳಗೆ ತೂತು ಮಾಡಿ ಕೊಳವೆ ಇಡ್ತೀನಿ. ಹಗಲು ಕೊಳವೆ ಬಾಯಿ ಮುಚ್ಚಿಕೊಂಡು ಮಾತಾಡು, ಮಲಗುವಾಗ ತೆರೆದಿಡು. ಗಂಟಲು ಮುಚ್ಚೋ ಜಾಗದ ಕೆಳಗಿಂದ ಉಸಿರು ಹೋಗುತ್ತೆ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ತನ್ನ ಸುಟ್ಟ ಕೈಯನ್ನೊಮ್ಮೆ ನೋಡಿಕೊಂಡ.

"ಮ್ಯಾಲಿನ ಪೈಪು ಕಟ್ಟಿದ್ರ ಕೆಳಗ ಇನ್ನೊಂದು ತೆಗಿಯಾದು ನಾವೂ ಮಾಡ್ತೀವ್ರಿ. ಹಾಕ್ರಿ ಸಾರ್" ಎಂದ.

ಎಚ್ಚರವಿದ್ದಂತೆಯೇ, ಕುತ್ತಿಗೆಗೆ ಮರಗಟ್ಟಿಸುವ ಸೂಜಿ ಹಾಕಿ ಆಪರೇಷನ್ ಮಾಡಿದರು. ಅವನ ಸುಟ್ಟಿರದ ಕೈಯನ್ನು ನಾನು ಹಿಡಿದಿದ್ದೆ. ಕೊಳವೆ ಒಳಗೆ ಹೋದಾಗ ಫುಸ್ ಎಂದು ಗಾಳಿ ಬಂತು, ಕೆಮ್ಮಿದ, ಹಿಡಿದ ಕೈ ಬಿಗಿಯಾಯಿತು. ಆಮೇಲಿನ ಕೆಲಸವೇ ದೊಡ್ಡದು. ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಸಿಸ್ಟರ್ ಅದನ್ನು ತಾಸು ತಾಸಿಗೆ ತೆಗೆದುಕೊಡುವರು. ನಾನು ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಕುದಿಸಿ, ಆರಿಸಿ ಕೊಡಬೇಕು. ಕಫ ಕಟ್ಟಿದರೆ ಯಂತ್ರದಿಂದ ಎಳೆಯುವರು. ತೂತಿನ ಮುಂದೆ ಒದ್ದೆ ಜಾಳಿಗೆ ಬಟ್ಟೆ ಇಳಿಬಿಡಬೇಕು, ಅದು ಒಣಗಬಾರದು. ಇದನ್ನು ಬಲ್ಲ ಆಯಾ ಇನ್ನೊಬ್ಬಳಿರಲಿಲ್ಲ. ಮೂರು ದಿನ ನಾನು ಕೌಲ್ ಬಜಾರಿನ ಕೋಣೆಗೆ ಹೋಗಲೇ ಇಲ್ಲ. ಆ ಭಾನುವಾರದ ಬಾದನಹಟ್ಟಿಯೂ ತಪ್ಪಿತು.

ಮೊದಲ ದಿನವೇ ಅವನು ಸದ್ದಿಲ್ಲದೆ ಹನ್ನೆರಡು ತಾಸು ಮಲಗಿದ. ಎಣಿಸಲು ಕೂತಿದ್ದೆ, ತಟ್ಟೆಗೆ ಒಂದು ಬೀಜವೂ ಬೀಳಲಿಲ್ಲ. ಕಾಲಿನ ಬಾವು ಇಳಿಯತೊಡಗಿತು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಅವನಿಗೆ ತೂತನ್ನು ಬೆರಳಿನಿಂದ ಮುಚ್ಚಿ ಮಾತಾಡುವುದನ್ನು ಕಲಿಸಿ ಹೋದರು. ಅವನು ಎರಡು ಸಲ ಗೊಗ್ಗರು ಸದ್ದು ಮಾಡಿ, ನಾಚಿಕೆಯಾಗಿ ಬೆರಳು ತೆಗೆದುಬಿಟ್ಟ.

ಆ ಮಧ್ಯಾಹ್ನ ಊಟದ ತಟ್ಟೆ ತೆಗೆದಾಯಿತು. ಮುದುಕಪ್ಪ ಎರಡು ದಿನದ ಹಿಂದೆಯೇ ಸಿರಿಗೇರಿಗೆ ಹೋಗಿದ್ದ. ಹೆಂಡತಿ ಚಾಪೆಯ ಮೇಲೆ ಒಂದು ಕೈ ಕೆನ್ನೆಯ ಕೆಳಗಿಟ್ಟು ಮಲಗಿದ್ದಳು. ಕರೆದರೂ ಕೇಳದಂಥ ನಿದ್ದೆ. ವಾರ್ಡಿನಲ್ಲಿ ಎಲ್ಲರೂ ಮಲಗಿದ್ದರು. ನಾನು ಸ್ಟೂಲಿನ ಮೇಲೆ ಕೂತು ಜಾಳಿಗೆ ಬಟ್ಟೆ ಹಿಂಡುತ್ತಿದ್ದೆ. ಹಿಂಡುತ್ತ ಹಿಂಡುತ್ತ ತೂಕಡಿಸಿದೆ, ಬಟ್ಟೆ ಕೈಯಿಂದ ಜಾರಿತು. ಬೆಚ್ಚಿ ಕಣ್ಣು ತೆರೆದೆ.

ಬಾಯ್ಲರಿನವನು ದಿಂಬಿಗೆ ಒರಗಿ ಕೂತಿದ್ದ. ಉಂಡು ಒಂದು ತಾಸಾಗಿತ್ತು, ಮಲಗಿರಲಿಲ್ಲ. ಕಣ್ಣು ಸ್ವಚ್ಛವಾಗಿ ತೆರೆದಿದ್ದವು. ಸುಟ್ಟ ಕೈಯನ್ನು ನಿಧಾನಕ್ಕೆ ಎತ್ತಿ ಕುತ್ತಿಗೆಯ ತೂತಿನ ಮೇಲೆ ಬೆರಳಿಟ್ಟ. ಒಡೆದ ದನಿಯಲ್ಲಿ, ಒಂದೊಂದೇ ಮಾತು ಎತ್ತಿಟ್ಟಂತೆ ಹೇಳಿದ.

"ಅಕ್ಕಾ, ಒಂದೀಟು ಮಕ್ಕೋರಿ. ನಾ ಎಚ್ಚರ ಅದೀನಿ."

ನನಗೆ ಡ್ಯೂಟಿ ಇತ್ತು, ಮಲಗುವಂತಿರಲಿಲ್ಲ. ಸ್ಟೂಲನ್ನು ಗೋಡೆಯ ಹತ್ತಿರಕ್ಕೆ ಸರಿಸಿ ಬೆನ್ನು ಆನಿಸಿ ಕೂತೆ. ಕಣ್ಣು ಮುಚ್ಚಿಕೊಂಡೆ.